ಗುಡ್ಡ ಕುಸಿದ ಮೇಲೆ ಮನಸ್ಸು ಕಟ್ಟಿಕೊಂಡದ್ದು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡ ಕುಟುಂಬಗಳಲ್ಲಿ ನಮ್ಮದೂ ಒಂದು. ಮಡಿಕೇರಿ ತಾಲ್ಲೂಕಿನಲ್ಲಿ, ಮಕ್ಕಂದೂರು ದಾಟಿ ಒಳಕ್ಕೆ ಹೋದರೆ ನಮ್ಮ ಊರು. ಮನೆಯಲ್ಲಿ ಅತ್ತೆ, ಮಾವ, ಗಂಡ, ನಾನು, ಒಂಬತ್ತು ವರ್ಷದ ಮಗ. ಮನೆಯ ಹಿಂದೆ ಏರು, ಏರಿನಲ್ಲಿ ಕಾಫಿ ತೋಟ, ಅದರ ಮೇಲೆ ಕಾಡು. ಎದುರಿಗೆ ಇಳಿಜಾರಿನ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಕೊಲ್ಲಿ, ಎಂದರೆ ತೊರೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಮುಕ್ಕೋಡ್ಲು, ಕಾಲೂರು ಎಂಬ ಹೆಸರುಗಳು ಆ ವಾರ ನಾಡಿಗೆಲ್ಲ ಗೊತ್ತಾದವು. ಕುಸಿದ ರಸ್ತೆ, ಜಾರಿದ ಮನೆಗಳ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ನಾನು ಬರೆಯಹೊರಟಿರುವುದು ಚಿತ್ರಕ್ಕೆ ಸಿಗದ ಸಂಗತಿ. ತಡೆಯಲಾಗದ ಭಯ ಎದುರಿಗೆ ಬಂದು ನಿಂತಾಗ ಒಂದೇ ಮನೆಯ ಐದು ಜನರ ಮನಸ್ಸು ಅದನ್ನು ಐದು ಬಗೆಯಲ್ಲಿ ತಡೆದುಕೊಂಡಿತು. ಹಾಗೆ ತಡೆದುಕೊಂಡದ್ದೇ ನಮ್ಮನ್ನು ಉಳಿಸಿತು. ಆ ತಡೆಗಳಲ್ಲಿ ಒಂದೆರಡು ಮುಂದೆ ನಮ್ಮನ್ನೇ ಹಿಡಿದು ಕಾಡಿದವು. ಎರಡನ್ನೂ ಹೇಳಬೇಕು.

ಆ ಸಲ ಆಟಿ ತಿಂಗಳಿಡೀ ಮಳೆ ಬಿಟ್ಟಿರಲಿಲ್ಲ. ಸ್ವಾತಂತ್ರ್ಯ ದಿನದ ಧ್ವಜವನ್ನು ಮಳೆಯಲ್ಲೇ ಹಾರಿಸಿ ಬಂದಿದ್ದೆವು. ಮಾರನೆಯ ದಿನ ಮನೆಯ ಹಿಂದಿನ ಬರೆಯಿಂದ, ಎಂದರೆ ಕಡಿದಾದ ಮಣ್ಣಿನ ದಿಬ್ಬದಿಂದ, ಕೆಂಪು ನೀರು ಒಸರತೊಡಗಿತು. ಯಾವತ್ತೂ ನೀರು ಕಾಣದ ಜಾಗದಲ್ಲಿ ಒರತೆ ಎದ್ದಿತು. ಮೇಲಿನ ಮನೆಯವರು ಬಂದು, "ಹೊರಡಿ, ನಮ್ಮ ಅಂಗಳ ಬಿರುಕು ಬಿಟ್ಟಿದೆ" ಎಂದರು. ಮಾವ ಜಗಲಿಯಿಂದ ಏಳಲೇ ಇಲ್ಲ. "ಈ ಗುಡ್ಡ ನನ್ನ ಅಜ್ಜನ ಕಾಲದಿಂದ ಇದೆ. ನಮ್ಮ ಕಡೆಗೆ 120, 150 ಇಂಚು ಮಳೆ ಹೊಸದಾ?" ಎಂದರು. ಅವರು ಎಪ್ಪತ್ತು ದಾಟಿದವರು, ಮಳೆ ಗೊತ್ತಿದ್ದವರು. ಅವರ ಮಾತಿಗೆ ನಾವು ತಲೆದೂಗಿದೆವು. ಆ ರಾತ್ರಿ ಯಾರೂ ಕಣ್ಣು ಮುಚ್ಚಲಿಲ್ಲ; ಯಾರೂ ಭಯ ಎನ್ನುವ ಮಾತನ್ನು ಎತ್ತಲೂ ಇಲ್ಲ.

ಬೆಳಗಿನ ಜಾವ ಮೇಲಿನ ಕಾಡಿನಲ್ಲಿ ಮರಗಳು ಮುರಿಯುವ ಸದ್ದು ಕೇಳಿತು. ಊರಿನ ಹುಡುಗರು ಟಾರ್ಚ್ ಹಿಡಿದು ಕೂಗುತ್ತ ಬಂದರು. ಆ ಗಳಿಗೆಯಲ್ಲಿ ನಾನು ಮಾಡಿದ್ದನ್ನು ಇದ್ದಂತೆಯೇ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಮಗನ ಯೂನಿಫಾರ್ಮು ಅಲ್ಲಿ ಅರೆ ಒಣಗಿ ತೂಗುತ್ತಿತ್ತು. ಅದನ್ನು ತೆಗೆದು, ಕಾಲರು ಸರಿಮಾಡಿ, ತೋಳು ಒಳಕ್ಕೆ ಮಡಚಿ, ಅಂಗಿ ಒಂದು, ಚಡ್ಡಿ ಒಂದು ಎಂದು ಚೀಲಕ್ಕೆ ಹಾಕಿದೆ. ಒಲೆಗೆ ನೀರು ಚಿಮುಕಿಸಿ ಕೆಂಡ ಆರಿಸಿದೆ. ಹಾಲಿನ ಪಾತ್ರೆ ಮುಚ್ಚಿದೆ. ಗಂಡ ಹಟ್ಟಿಯಲ್ಲಿ ಹಸುಗಳ ಹಗ್ಗ ಬಿಚ್ಚುತ್ತ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನನಗೆ ಕೇಳುತ್ತಿತ್ತು. ಕೈ ನಡುಗಲಿಲ್ಲ, ಎದೆ ಹೊಡೆದುಕೊಳ್ಳಲಿಲ್ಲ. ಭಯ ಎಂಬುದೇ ಮೈಯಲ್ಲಿ ಇರಲಿಲ್ಲ.

ತೋಟದ ಒಳದಾರಿಯಲ್ಲಿ ಏರಿ, ರಸ್ತೆ ಉಳಿದಿದ್ದ ಕಡೆಯಿಂದ ಪಿಕಪ್ ಜೀಪಿನಲ್ಲಿ ಮಡಿಕೇರಿ ಸೇರಿದೆವು. ಮನೆ ಹೋದ ಸುದ್ದಿ ಮಧ್ಯಾಹ್ನ ಬಂತು. ಎದುರು ಗುಡ್ಡದಿಂದ ನೋಡಿದವರು, ಮನೆ, ಹಟ್ಟಿ, ಕಣ, ಗದ್ದೆ ಎಲ್ಲದರ ಮೇಲೆ ಮಣ್ಣು ಹರಿದು ಕೊಲ್ಲಿಯವರೆಗೂ ಒಂದೇ ಕೆಂಪು ಎಂದರು. ನಾನು "ಹೌದಾ" ಎಂದೆ. ಪರಿಹಾರ ಕೇಂದ್ರದಲ್ಲಿ ಬಿಸಿನೀರು ಸಿಕ್ಕಿ ಮೈ ತೊಳೆಯುವಾಗ ನೋಡಿದರೆ, ಎರಡು ಮೊಣಕಾಲ ಕೆಳಗೂ ಜಿಗಣೆಗಳು ರಕ್ತ ಕುಡಿದು ಊದಿಕೊಂಡಿದ್ದವು. ಅಲ್ಲಿಯವರೆಗೆ ಒಂದೂ ಕಚ್ಚಿದ್ದು ಗೊತ್ತಾಗಿರಲಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರಿದೆ ಎಂಬುದು ಆಮೇಲೆ ನೆನಪಾಯಿತು. ಬಿ.ಎಡ್. ಓದುವಾಗ ಮನಸ್ಸಿನ ರಕ್ಷಣಾ ತಂತ್ರಗಳು ನಮಗೆ ಪರೀಕ್ಷೆಯ ಖಾಯಂ ಪ್ರಶ್ನೆ. ದ್ರಾಕ್ಷಿ ಹುಳಿ ಎಂದ ನರಿ ಸಮರ್ಥನೆಗೆ ಉದಾಹರಣೆ, ಮೇಲಧಿಕಾರಿ ಬೈದದ್ದಕ್ಕೆ ಮನೆಯಲ್ಲಿ ಹೆಂಡತಿಯ ಮೇಲೆ ರೇಗುವ ಗುಮಾಸ್ತ ಸ್ಥಾನಪಲ್ಲಟಕ್ಕೆ ಉದಾಹರಣೆ. ಈ ವಿಚಾರವನ್ನು ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಎತ್ತಿದ್ದರು. ತಡೆಯಲಾಗದ ಆತಂಕದಿಂದ ತನ್ನನ್ನು ಕಾಪಾಡಿಕೊಳ್ಳಲು ಮನಸ್ಸು, ನಮಗೇ ಗೊತ್ತಾಗದಂತೆ, ಕೆಲವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕೆಲವನ್ನು ಹೊರಗೆ ನಿಲ್ಲಿಸುತ್ತದೆ. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಇದನ್ನೆಲ್ಲ ಒಪ್ಪವಾಗಿ ಒಂದು ಪುಸ್ತಕಕ್ಕೆ ತಂದರು. ನಡೆದದ್ದು ಪೂರಾ ಗೊತ್ತಿದ್ದೂ ಅದರ ನೋವು ಮಾತ್ರ ತಟ್ಟದಂತೆ ಮಾಡುವುದು ಈ ತಂತ್ರಗಳಲ್ಲೊಂದು. ಆ ಬೆಳಗ್ಗೆ ನನ್ನೊಳಗೆ ಕೆಲಸ ಮಾಡಿದ್ದು ಅದು. ಆಗ ಭಯ ಬಂದಿದ್ದರೆ ಮಗನ ಕೈ ಹಿಡಿದು ಆ ಏರು ಹತ್ತುವ ಶಕ್ತಿ ನನಗೆ ಇರುತ್ತಿರಲಿಲ್ಲ.

ಪರಿಹಾರ ಕೇಂದ್ರ ಒಂದು ದೊಡ್ಡ ಹಾಲ್. ನೆಲದ ಮೇಲೆ ಜಮಖಾನ, ಗೋಡೆಗುಂಟ ಚೀಲಗಳು, ಮೂಲೆಯಲ್ಲಿ ದೂರದ ಊರುಗಳಿಂದ ಬಂದ ಹಳೆ ಬಟ್ಟೆಯ ರಾಶಿ. ಅಲ್ಲಿ ಅತ್ತೆ ಸಂಜೆ ನಾಲ್ಕಾಗುತ್ತಲೇ ಎದ್ದು ಕೂತು, "ಹಾಲು ಕರೆಯುವ ಹೊತ್ತಾಯಿತು, ಕರು ಕಟ್ಟಿದ್ದೀಯಾ?" ಎಂದು ನನ್ನನ್ನು ಕೇಳುತ್ತಿದ್ದರು. ಅಟ್ಟದಲ್ಲಿಟ್ಟ ಏಲಕ್ಕಿಗೆ ಬೂಸಲು ಬಂದೀತು ಎಂದು ಚಿಂತೆ ಮಾಡುತ್ತಿದ್ದರು. ಬುದ್ಧಿ ಚುರುಕಾಗಿಯೇ ಇತ್ತು. ಯಾರಿಗೆ ಯಾವ ಮಾತ್ರೆ, ಯಾರ ಮಗು ಊಟ ಬಿಟ್ಟಿದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಮನೆ ಇಲ್ಲ ಎಂಬುದೊಂದೇ ಒಳಗೆ ಇಳಿಯುತ್ತಿರಲಿಲ್ಲ. ಸೇವೆಗೆ ಬಂದಿದ್ದ ಒಬ್ಬ ಹುಡುಗ, ಒಳ್ಳೆಯ ಮನಸ್ಸಿನಿಂದಲೇ, "ಅಜ್ಜಿ, ಮನೆ ಹೋಯಿತಲ್ಲ, ಧೈರ್ಯ ತಂದುಕೊಳ್ಳಿ" ಎಂದ. ಅತ್ತೆ ಗೋಡೆ ಕಡೆಗೆ ಮುಖ ಮಾಡಿ ಮಲಗಿದವರು ಆ ರಾತ್ರಿ ಗಂಜಿಯನ್ನೂ ಮುಟ್ಟಲಿಲ್ಲ.

ಆಮೇಲೆ ಆಪ್ತ ಸಮಾಲೋಚನೆಗೆ ಬರುತ್ತಿದ್ದವರೊಬ್ಬರು ಅತ್ತೆಯ ಪಕ್ಕ ಬಂದು ಕೂತರು. ಮನೆಯ ಸುದ್ದಿ ಎತ್ತಲಿಲ್ಲ. "ಹಸುಗಳಿಗೆ ಏನೇನು ಹೆಸರಿಟ್ಟಿದ್ದಿರಿ ಅಮ್ಮಾ?" ಎಂದರು. ಅತ್ತೆ ಹೆಸರು ಹೇಳಿದರು, ಯಾವುದು ಹಾಯುತ್ತದೆ, ಯಾವುದು ಸಾಧು ಎಂದೂ ಹೇಳಿದರು. ಮರುದಿನ ಹಟ್ಟಿಯ ಮಾತು ಬಂತು, ಅದರಾಚೆಗಿನ ದಿನ ಒಲೆಯದು. ಆ ಸಮಾಲೋಚಕಿ ಏನನ್ನೂ ತಿದ್ದಲಿಲ್ಲ, ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಒಂದು ಸಂಜೆ ಅತ್ತೆ ತಾವಾಗಿಯೇ ನನ್ನ ಗಂಡನನ್ನು ಕರೆದು ಕೇಳಿದರು: "ಮನೆಯ ಮೇಲೆ ಎಷ್ಟು ಮಣ್ಣು ನಿಂತಿದೆ? ತೆಂಗಿನ ಮರ ಕಾಣುತ್ತದಾ?" ಕಾಣುವುದಿಲ್ಲ ಎಂದರು ಇವರು. ಅತ್ತೆ ಆವತ್ತು ಅತ್ತರು, ಅತ್ತು ಊಟ ಮಾಡಿದರು.

ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಒಂದು ಪುಸ್ತಕ ಬರೆದರು. ಕೆಟ್ಟ ಸುದ್ದಿ ಕೇಳಿದ ಕೂಡಲೇ ಹುಟ್ಟುವ ನಿರಾಕರಣೆ, ಮನಸ್ಸು ಸಾವರಿಸಿಕೊಳ್ಳಲು ಬೇಕಾದ ಸಮಯವನ್ನು ಒದಗಿಸುತ್ತದೆ ಎಂದು ಅದರಲ್ಲಿ ವಿವರಿಸಿದ್ದಾರೆ. ಅತ್ತೆಯನ್ನು ನೋಡಿದ ಮೇಲೆ ನನಗೆ ಆ ಮಾತಿನಲ್ಲಿ ಸಂಶಯ ಉಳಿದಿಲ್ಲ. ನಿಜ ಅವರಿಗೆ ತಿಳಿಯದೆ ಇರಲಿಲ್ಲ. ಅಷ್ಟನ್ನೂ ಒಂದೇ ಸಲ ನುಂಗಲು ಆಗುತ್ತಿರಲಿಲ್ಲ, ಅದಕ್ಕೆ ತುತ್ತು ತುತ್ತಾಗಿ ಒಳಕ್ಕೆ ಬಿಟ್ಟುಕೊಂಡರು.

ಮಾವನ ದಾರಿ ಬೇರೆ. ನಮ್ಮ ಕಡೆ ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಅಳೆಯುವ ಜಾಡಿ ಇರುತ್ತದೆ. ಬೆಳಗ್ಗೆ ಎದ್ದು ಅದನ್ನು ನೋಡಿ, ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಡೈರಿಯಲ್ಲಿ ಬರೆಯುವುದು ಹಲ್ಲುಜ್ಜಿದಷ್ಟೇ ಸಹಜ. ಮಾವ ಯುವಕರಾಗಿದ್ದಾಗಿನಿಂದ ಬರೆದಿಟ್ಟ ಡೈರಿಗಳು ಕಪಾಟಿನ ತುಂಬ ಇದ್ದವು. ಎಲ್ಲವೂ ಮಣ್ಣಿನಡಿಗೆ ಹೋದವು. ಕೇಂದ್ರಕ್ಕೆ ಬಂದ ಎರಡನೆಯ ಬೆಳಗ್ಗೆ ಅವರು ಯಾರಿಂದಲೋ ಬ್ಲೇಡು ಕೇಳಿ, ಖಾಲಿ ನೀರಿನ ಬಾಟಲಿಯ ಕತ್ತು ಕೊಯ್ದರು. ಡುಬ್ಬು ತಿರುವಿಲ್ಲದ, ನೇರ ಗೋಡೆಯ ಬಾಟಲಿಯೇ ಬೇಕೆಂದು ಎರಡು ಮೂರನ್ನು ಪಕ್ಕಕ್ಕಿಟ್ಟಿದ್ದರು. ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲು ಹಿಡಿದು ಪೆನ್ನಿನಲ್ಲಿ ಗೆರೆ ಎಳೆದರು. ಹಾಲಿನ ಹಿಂದೆ, ಸೂರಿನ ನೀರು ಬೀಳದ ಬಯಲಲ್ಲಿ, ಮೂರು ಕಲ್ಲು ಆನಿಸಿ ಅದನ್ನು ನಿಲ್ಲಿಸಿದರು. ದಿನಾ ಬೆಳಗ್ಗೆ ಕೊಡೆ ಹಿಡಿದು ಹೋಗಿ, ಬಗ್ಗಿ, ಕಣ್ಣು ನೀರಿನ ಮಟ್ಟಕ್ಕೆ ತಂದು ನೋಡಿ, ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದಿಡುತ್ತಿದ್ದರು.

ಮನೆಯ ಸುದ್ದಿ ಯಾರು ಎತ್ತಿದರೂ ಅವರು ಇಂಚಿನ ಲೆಕ್ಕ ತೆಗೆಯುತ್ತಿದ್ದರು. ಮಣ್ಣು ಎಷ್ಟು ನೀರು ಹಿಡಿಯುತ್ತದೆ, ಬರೆ ಕಡಿದಾಗಿ ಕಡಿದರೆ ಏನಾಗುತ್ತದೆ, ಇಂಗುವ ದಾರಿ ಮುಚ್ಚಿದರೆ ನೀರು ಎಲ್ಲಿಂದ ಹೊರಬೀಳುತ್ತದೆ ಎಂದು ಪಾಠ ಹೇಳುತ್ತಿದ್ದರು. ದುಃಖವನ್ನು ಹೀಗೆ ಲೆಕ್ಕಕ್ಕೂ ವಿವರಣೆಗೂ ತಿರುಗಿಸುವುದೂ ರಕ್ಷಣಾ ತಂತ್ರವೇ. ಮಾವನಿಗೆ ಅದು ಇನ್ನೊಂದು ಉಪಕಾರವನ್ನೂ ಮಾಡಿತು. ಕೇಂದ್ರದಲ್ಲಿದ್ದವರು ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು, "ಅಜ್ಜಾ, ನಿನ್ನೆ ಎಷ್ಟು?" ಎಂದು ಕೇಳತೊಡಗಿದರು. ಆಸ್ತಿಯೆಲ್ಲ ಮಣ್ಣುಪಾಲಾದ ಮನುಷ್ಯನಿಗೆ ತನ್ನದು ಎಂದು ಹೇಳಿಕೊಳ್ಳಲು ಒಂದು ಕೆಲಸ ಉಳಿದಿತ್ತು. ಡೈರಿಗಳು ಹೋದದ್ದರ ಬಗ್ಗೆ ಅವರು ಬಾಯಿ ಬಿಟ್ಟಿದ್ದು ವರ್ಷ ಕಳೆದ ಮೇಲೆ. "ಮನೆ ಮತ್ತೆ ಕಟ್ಟಬಹುದು, ಆ ಮಳೆಗಳನ್ನು ಮತ್ತೆ ಬರೆಯಲಾಗುವುದಿಲ್ಲ" ಎಂದರು. ಅಲ್ಲಿಯವರೆಗೆ ಆ ಬಾಟಲಿಯೇ ಅವರನ್ನು ಹಿಡಿದು ನಿಲ್ಲಿಸಿತ್ತು.

ನನ್ನ ಗಂಡ ಸಿಟ್ಟಾದರು. ಯಾರಿಗೂ ಗದರದ ಮನುಷ್ಯ, ಸ್ವೆಟರ್ ಹಂಚುತ್ತಿದ್ದ ಕಾಲೇಜು ಹುಡುಗನ ಮೇಲೆ ಹರಿಹಾಯ್ದರು. ಅನ್ನ ಬಿಸಿ ಇಲ್ಲವೆಂದು ರೇಗಿದರು, ಅರ್ಜಿ ತುಂಬಿಸಲು ಬಂದವರ ಜೊತೆ ಜಗಳ ಆಡಿದರು. ಗುಡ್ಡದ ಮೇಲೆ, ಮಳೆಯ ಮೇಲೆ ಸಿಟ್ಟು ಮಾಡಿ ಏನು ಬಂತು? ಕೈಗೆ ಸಿಕ್ಕವರ ಮೇಲೆ ಅದು ಬಿತ್ತು. ಗುಮಾಸ್ತನ ಉದಾಹರಣೆ ಬರೆದು ಅಂಕ ಗಳಿಸಿದ್ದ ನಾನು ಅದನ್ನು ಈಗ ಕಣ್ಣೆದುರು ಕಂಡೆ. ಅದರ ಅಡಿಯಲ್ಲಿ ಇದ್ದದ್ದು ಕುಟುಂಬವನ್ನು ಕಾಯಬೇಕಾದವನು ನಾನು, ಕೈಲಾಗಲಿಲ್ಲ ಎಂಬ ಸಂಕಟ. ಅದನ್ನು ಅವರು ಬಾಯಿಬಿಟ್ಟು ಹೇಳಿದ ದಿನದಿಂದ ಸಿಟ್ಟು ಇಳಿಮುಖವಾಯಿತು.

ಮಗ ಚಿಕ್ಕವನಾದ. ಅಮ್ಮನ ಸೆರಗು ಬಿಟ್ಟು ಎಷ್ಟೋ ವರ್ಷವಾಗಿದ್ದವನು ಮತ್ತೆ ಬೆರಳು ಚೀಪತೊಡಗಿದ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ. ಹಗಲು ಹಾಲಿನ ಹಿಂದೆ ಮಕ್ಕಳೆಲ್ಲ ಸೇರಿ ಆಡುತ್ತಿದ್ದ ಆಟವನ್ನು ನೋಡಿ ಹೆಂಗಸರು ಬೆಚ್ಚಿದರು. ಮಣ್ಣು ಗುಡ್ಡೆ ಹಾಕುವುದು, ಬೆಂಕಿಪೊಟ್ಟಣದ ಮನೆ ಇಡುವುದು, ಮೇಲಿನಿಂದ ಮಗ್ಗಿನಲ್ಲಿ ನೀರು ಹುಯ್ಯುವುದು. ಗುಡ್ಡೆ ಜಾರಿ ಮನೆ ಮುಚ್ಚಿದೊಡನೆ ಎಲ್ಲರೂ "ಓಡಿ ಓಡಿ" ಎಂದು ಕೂಗುತ್ತ ಚದುರುವುದು. ಮತ್ತೆ ಬಂದು ಮತ್ತೆ ಕಟ್ಟುವುದು. "ಕೆಟ್ಟ ಶಕುನ, ನಿಲ್ಲಿಸಿ" ಎಂದು ಕೆಲವರು ಗದರಿದರು. ಸಮಾಲೋಚಕಿ, "ಆಡಲಿ ಬಿಡಿ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ದರೆ ಸಾಕು" ಎಂದರು.

ಆನಾ ಫ್ರಾಯ್ಡ್ ಬದುಕಿನಲ್ಲೂ ಇಂಥ ಒಂದು ಅಧ್ಯಾಯವಿದೆ. ನಾಜಿಗಳು ಆಸ್ಟ್ರಿಯಾವನ್ನು ಹಿಡಿದ 1938ರಲ್ಲೇ ಫ್ರಾಯ್ಡ್ ಕುಟುಂಬ ವಿಯೆನ್ನಾ ಬಿಟ್ಟು ಲಂಡನ್ ಸೇರಿತು. ಯುದ್ಧದ ದಿನಗಳಲ್ಲಿ ಬಾಂಬ್ ದಾಳಿಗೆ ಮನೆ ಕಳೆದುಕೊಂಡ, ತಂದೆತಾಯಿಯಿಂದ ದೂರವಾದ ಮಕ್ಕಳಿಗಾಗಿ ಆಕೆ ಡೊರೊತಿ ಬರ್ಲಿಂಗಮ್ ಜೊತೆ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುವಿಹಾರಗಳನ್ನು ನಡೆಸಿದರು. ಅಲ್ಲಿನ ಮಕ್ಕಳೂ ಬಾಂಬ್ ಬಿದ್ದು ಮನೆ ಉರುಳುವ ಆಟ ಆಡುತ್ತಿದ್ದುದನ್ನು ಅವರಿಬ್ಬರೂ ದಾಖಲಿಸಿದ್ದಾರೆ. ದೊಡ್ಡವರು ಮಾತಿನಲ್ಲಿ ಮತ್ತೆ ಮತ್ತೆ ಹೇಳಿ ಹಗುರಾಗುವುದನ್ನು ಮಕ್ಕಳು ಆಡಿ ಹಗುರಾಗುತ್ತಾರೆ. ನಿಜದಲ್ಲಿ ಗುಡ್ಡ ಅವರ ಮೇಲೆ ಬಂದಿತ್ತು; ಆಟದಲ್ಲಿ ಮಗ್ಗು ಅವರ ಕೈಯಲ್ಲಿತ್ತು. ನನ್ನ ಮಗನ ಆಟದಲ್ಲಿ ಕ್ರಮೇಣ ಗುಡ್ಡಕ್ಕೆ ಕಲ್ಲಿನ ತಡೆಗೋಡೆ ಬಂತು, ನೀರು ಹೋಗಲು ಚರಂಡಿ ಬಂತು. ಹಾಸಿಗೆ ಒದ್ದೆಯಾಗುವುದೂ ಆ ಹೊತ್ತಿಗೆ ನಿಂತಿತ್ತು.

ಇನ್ನು ನನ್ನ ವಿಷಯ. ಕೇಂದ್ರದಲ್ಲಿ ನನ್ನಷ್ಟು ಕೆಲಸ ಮಾಡಿದವರು ಕಡಿಮೆ. ಹೆಸರು ಬರೆದುಕೊಳ್ಳುವುದು, ಔಷಧಿಯ ಪಟ್ಟಿ, ಅಡುಗೆಗೆ ಕೈಜೋಡಿಸುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಪರೋಪಕಾರ ಎಂಬುದು ರಕ್ಷಣಾ ತಂತ್ರಗಳಲ್ಲಿ ಆರೋಗ್ಯಕರವಾದದ್ದು ಎಂದು ಹಾರ್ವರ್ಡ್‌ನ ಜಾರ್ಜ್ ವೇಲಂಟ್ ಬರೆದಿದ್ದಾರೆ. 1938ರಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ ನೂರಾರು ಗಂಡಸರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿ ನೋಡಿದ ಫಲ ಅವರ 1977ರ ಪುಸ್ತಕ. ಪರೋಪಕಾರ, ಹಾಸ್ಯ, ಮುಂದಾಲೋಚನೆ, ಸಂಕಟವನ್ನು ಸ್ವಲ್ಪ ಹೊತ್ತು ತಿಳಿದೇ ಬದಿಗಿಡುವುದು, ಒಳಗಿನ ಕುದಿಯನ್ನು ಒಳ್ಳೆಯ ಕೆಲಸಕ್ಕೆ ಹರಿಸುವ ಉದಾತ್ತೀಕರಣ, ಈ ಐದನ್ನು ಅವರು ಪ್ರೌಢ ತಂತ್ರಗಳೆಂದು ಕರೆದರು. ಇವನ್ನು ಹೆಚ್ಚಾಗಿ ನೆಚ್ಚಿದವರ ಬಾಳು ಒಟ್ಟಿನಲ್ಲಿ ಚೆನ್ನಾಗಿ ಸಾಗಿದ್ದನ್ನು ಕಂಡರು. ನನ್ನ ಮಟ್ಟಿಗೆ ಆ ಕೆಲಸ ನಿಜವಾಗಿಯೂ ಆಸರೆಯಾಗಿತ್ತು. ಅದರ ಜೊತೆಗೆ ಇನ್ನೊಂದು ಮಾತು ನನ್ನ ಬಾಯಲ್ಲಿ ನೆಲೆಸಿತ್ತು: "ನಮ್ಮ ಮನೆಯಲ್ಲಿ ಜೀವಹಾನಿ ಆಗಿಲ್ಲ. ಆದವರ ಮುಂದೆ ನಮ್ಮದೇನು?" ಕೇಳಿದವರೆಲ್ಲ ಅದನ್ನು ಮೆಚ್ಚಿದರು. ಆ ಮಾತಿನ ಮರೆಯಲ್ಲಿ ನನ್ನ ಭಯಕ್ಕೆ ಹೊರಬರಲು ಜಾಗವೇ ಇರಲಿಲ್ಲ.

ಅದು ಮುಂದಿನ ಮಳೆಗಾಲದಲ್ಲಿ ಬಂತು. ನಾವು ಮಡಿಕೇರಿಯ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಜೂನ್‌ನಲ್ಲಿ ಒಂದು ಮಧ್ಯಾಹ್ನ, ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ತಗಡಿನ ಮಾಡಿನ ಮೇಲೆ ಮಳೆ ಸುರಿಯಿತು. ನನ್ನ ದನಿ ನನಗೇ ಕೇಳದಷ್ಟು ಜೋರು. ಎದೆ ಹೊಡೆದುಕೊಳ್ಳತೊಡಗಿತು, ಬೆರಳ ತುದಿ ಜುಮ್ಮೆಂದಿತು, ಎಷ್ಟು ಎಳೆದರೂ ಉಸಿರು ಸಾಲದು. ಈಗಲೇ ಸಾಯುತ್ತೇನೆ ಎಂದು ಖಾತ್ರಿಯಾಯಿತು. ಮೇಜು ಹಿಡಿದು ಕೂತೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಹೃದಯದಲ್ಲಿ ಏನೂ ದೋಷವಿಲ್ಲ ಎಂದರು. ಆಮೇಲೆ ಜೋರು ಮಳೆ ಬಂದಾಗಲೆಲ್ಲ ಅದು ಮರಳಿತು.

ಅದಕ್ಕಿಂತ ಹೆಚ್ಚು ನನ್ನನ್ನು ಸವೆಸಿದ್ದು ರಾತ್ರಿಗಳು. ಬಾಡಿಗೆ ಮನೆಯ ಹಿಂದೆ ಆಳೆತ್ತರದ ಒಂದು ಬರೆ ಇತ್ತು. ಎಲ್ಲರೂ ಮಲಗಿದ ಮೇಲೆ ಟಾರ್ಚ್ ತೆಗೆದುಕೊಂಡು ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಬುಡದಲ್ಲಿ ನೀರು ಒಸರುತ್ತಿದೆಯೋ, ಒಸರುವ ನೀರು ತಿಳಿಯೋ ಕೆಂಪೋ, ಮಣ್ಣು ಉದುರಿದೆಯೋ. ಗೋಡೆಯ ಒಂದು ಸೀಳಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ಎರಡು ತುದಿಗೂ ಪೆನ್ಸಿಲ್ ಗುರುತು ಹಾಕಿದ್ದೆ, ಸೀಳು ಅಗಲವಾದರೆ ಕಾಗದ ಹರಿಯಬೇಕು ಎಂದು. ನೋಡಿ ಬಂದು ಮಲಗಿದರೆ ಸ್ವಲ್ಪ ಹೊತ್ತು ಸಮಾಧಾನ. ಮತ್ತೆ ಅನುಮಾನ: ಎಡ ಮೂಲೆಗೆ ಟಾರ್ಚ್ ಬಿಟ್ಟೆನೋ ಇಲ್ಲವೋ? ಮತ್ತೆ ಏಳುವುದು, ಚಪ್ಪಲಿ ಹುಡುಕುವುದು, ಬಾಗಿಲು ಸದ್ದಾಗದಂತೆ ತೆರೆಯುವುದು. ಬೆಳಗಿನ ಹೊತ್ತಿಗೆ ಸೀರೆಯ ಅಂಚು ಕೆಸರಾಗಿರುತ್ತಿತ್ತು. ನಾನು ನೋಡುತ್ತಿರುವುದರಿಂದಲೇ ಬರೆ ನಿಂತಿದೆ, ನೋಡುವುದು ಬಿಟ್ಟರೆ ಬೀಳುತ್ತದೆ ಎಂಬ ಭಾವನೆ ಬೇರೂರಿತ್ತು. ಆ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದು ಜನ ಸತ್ತರು. ಅದಾದ ಮೇಲೆ ನಾನು ಮಲಗುವುದನ್ನೇ ಬಿಟ್ಟೆ.

ಮನೋವೈದ್ಯರ ಬಳಿ ಕರೆದುಕೊಂಡು ಹೋದದ್ದು ನನ್ನ ಗಂಡ. ನಾನು ಪೂರ್ತಿ ಹೇಳಿ ಮುಗಿಸುವವರೆಗೆ ವೈದ್ಯರು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಅವರು ವಿವರಿಸಿದ್ದು ಇಷ್ಟು. ಅಪಾಯದ ಸುಳಿವು ಸಿಕ್ಕೊಡನೆ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಸ್ರವಿಸಿ, ಓಡಲು ಬೇಕಾದಷ್ಟು ರಕ್ತ ಕಾಲಿಗೆ ಹೋಗಲೆಂದು ಎದೆ ಬಡಿಯುತ್ತದೆ, ಉಸಿರು ಬಿರುಸಾಗುತ್ತದೆ. ಬೇಗ ಬೇಗ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಇದರಿಂದ ಜೀವಕ್ಕೆ ಅಪಾಯವಿಲ್ಲ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಆವತ್ತು ಬೆಳಗ್ಗೆ ಬಾರದೆ ಉಳಿದ ಭಯ ಈಗ, ಬರಲು ಸುರಕ್ಷಿತವಾದ ಮೇಲೆ, ಬರುತ್ತಿದೆ.

ಟಾರ್ಚಿನ ವಿಷಯಕ್ಕೆ ಅವರು ಕೊಟ್ಟ ಹೋಲಿಕೆ ನನ್ನಲ್ಲಿ ಉಳಿದಿದೆ. "ಮುರಿದ ಕೈಗೆ ಪ್ಲಾಸ್ಟರ್ ಹಾಕುತ್ತೇವೆ. ಆಗ ಅದು ಬೇಕೇ ಬೇಕು. ಮೂಳೆ ಕೂಡಿದ ಮೇಲೂ ಬಿಚ್ಚದಿದ್ದರೆ ಅದೇ ಕೈಯನ್ನು ಬಡಕಲು ಮಾಡುತ್ತದೆ. ಒಂದೇ ಏಟಿಗೆ ಒಡೆಯುವುದೂ ಬೇಡ. ಮೆಲ್ಲಗೆ ತೆಗೆಯೋಣ" ಎಂದರು.

ಮಾತ್ರೆ ಕೆಲವು ತಿಂಗಳು ನುಂಗಿದೆ. ಅದರ ಜೊತೆಗೆ ಸಮಾಲೋಚನೆ. ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಉಸಿರು ಬಿಡುವುದನ್ನು ಕಲಿತೆ. ಟಾರ್ಚಿಗೆ ಕಟ್ಟು ಹಾಕಿಕೊಂಡೆವು: ಕತ್ತಲಾಗುವ ಮುನ್ನ ಒಂದು ಸಲ, ಗಂಡನ ಜೊತೆಯಲ್ಲಿ, ಎರಡು ಮೂಲೆಯನ್ನೂ ನೋಡಿ, "ನೋಡಿದೆವು" ಎಂದು ಬಾಯಿಬಿಟ್ಟು ಹೇಳಿ ಒಳಗೆ ಬರುವುದು. ಆಮೇಲೆ ಏಳಬೇಕೆನಿಸಿದರೆ ಏಳದೆ ಆ ಚಡಪಡಿಕೆಯನ್ನು ಅನುಭವಿಸುವುದು. ಮೊದಲ ರಾತ್ರಿಗಳಲ್ಲಿ ಮೈ ಬೆವೆತು ಹಾಸಿಗೆಯಲ್ಲೇ ಕೂತಿದ್ದೇನೆ. ಅದು ಏರಿತು, ನಿಂತಿತು, ಇಳಿಯಿತು. ಬರೆ ತನ್ನಷ್ಟಕ್ಕೆ ನಿಂತಿತ್ತು. ಮಳೆಯ ಸದ್ದನ್ನು ಮೊಬೈಲಿನಲ್ಲಿ ಮೊದಲು ಸಣ್ಣಗೆ, ಆಮೇಲೆ ಜೋರಾಗಿ ಕೇಳಿದೆ. ಕೊನೆಗೆ ಒಂದು ಬೇಸಿಗೆಯಲ್ಲಿ ನಮ್ಮ ಜಾಗಕ್ಕೇ ಹೋಗಿ ಬಂದೆವು. ಮಣ್ಣಿನ ಮೇಲೆ ಹುಲ್ಲು ಹಬ್ಬಿತ್ತು. ಅತ್ತೆ ಕೂತು ಕಾಫಿ ಫ್ಲಾಸ್ಕ್ ತೆರೆದರು. ನಾನು ಮನಸಾರೆ ಅತ್ತೆ. ಬೇರೆಯವರ ಸಾವುನೋವಿನ ಪಕ್ಕದಲ್ಲಿಟ್ಟು ನನ್ನ ನಷ್ಟವನ್ನು ಅಳೆಯದೆ ಅತ್ತದ್ದು ಅದೇ ಮೊದಲು.

ಈಗ ನಾವು ಸರ್ಕಾರ ಕಟ್ಟಿಸಿಕೊಟ್ಟ ಬಡಾವಣೆಯ ಮನೆಯಲ್ಲಿದ್ದೇವೆ. ಭಯ ಪೂರಾ ಹೋಗಿದೆ ಎಂದು ಹೇಳಲಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಾದಾಗ, 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ನೂರಾರು ಜನ ಸತ್ತಾಗ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆದರೆ ವಯನಾಡಿನ ಸುದ್ದಿ ಬಂದ ಸಲ ನಾವು ಟಿ.ವಿ. ಆರಿಸಿ ಕೂತು, ನಮಗೆ ಏನಾಗುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಆಗ ಹೈಸ್ಕೂಲು ಮುಗಿಸಿದ್ದ ಮಗನೂ ಹೇಳಿದ.

ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಎರಡು ಕೆಲಸ ಆಗುತ್ತವೆ. ಗಂಡ ಬಡಾವಣೆಯ ನಾಲ್ಕು ಜನರನ್ನು ಸೇರಿಸಿ ಚರಂಡಿ ಬಿಡಿಸುತ್ತಾರೆ. ಹಿಂದೆ ಸಿಟ್ಟಾಗಿದ್ದದ್ದು ಈಗ ಹಾರೆ ಹಿಡಿದಿದೆ. ನಾನು ಆಧಾರ್, ಪಹಣಿ, ಅಂಕಪಟ್ಟಿ, ಅತ್ತೆ ಮಾವನ ಮಾತ್ರೆ, ಟಾರ್ಚು, ಸೆಲ್ಲು ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ಮೊಳೆಗೆ ತೂಗುಹಾಕುತ್ತೇನೆ. ಅದೂ ಭಯದಿಂದಲೇ ಹುಟ್ಟಿದ ಕೆಲಸ, ಟಾರ್ಚ್ ಹಿಡಿದು ಓಡಾಡಿದ್ದೂ ಭಯದಿಂದಲೇ. ಚೀಲದ ಕೆಲಸಕ್ಕೆ ಕೊನೆ ಇದೆ. ತೂಗುಹಾಕಿದ ಮೇಲೆ ನಿದ್ದೆ ಬರುತ್ತದೆ. ಟಾರ್ಚಿನ ಕೆಲಸಕ್ಕೆ ಕೊನೆ ಇರಲಿಲ್ಲ. ಮಾಡಿದಷ್ಟೂ ನಿದ್ದೆ ದೂರವಾಗುತ್ತಿತ್ತು. ಮನಸ್ಸು ಕಟ್ಟಿಕೊಂಡ ಯಾವ ರಕ್ಷಣೆಯನ್ನಾದರೂ ನಾನು ಈಗ ಈ ಒಂದು ಪ್ರಶ್ನೆಯಿಂದ ನೋಡುತ್ತೇನೆ: ಇದು ನನ್ನನ್ನು ನಾಳೆಯ ಕೆಲಸಕ್ಕೆ, ಮನೆಯವರ ಹತ್ತಿರಕ್ಕೆ ಬಿಡುತ್ತಿದೆಯೋ, ತಡೆಯುತ್ತಿದೆಯೋ?

ಮನೆ ಕಳೆದುಕೊಂಡವರ, ಸಾವು ಕಂಡವರ, ಕಾಯಿಲೆಯ ಸುದ್ದಿ ಕೇಳಿದವರ ಬಳಿ ಹೋಗುವವರಲ್ಲಿ ನನ್ನ ವಿನಂತಿ ಇದೆ. "ಅಳು ಬಾರದವಳು ಕಲ್ಲು ಹೃದಯದವಳು" ಎನ್ನಬೇಡಿ. ಅಳು ಆಮೇಲೆ ಬರುತ್ತದೆ, ಆಗ ಜೊತೆಗಿರಿ. ನಿಜವನ್ನು ಒಪ್ಪದ ಅಜ್ಜಿಗೆ ಅವಸರದಿಂದ ನಿಜ ಹೇಳಬೇಡಿ, ಅವರು ಕೇಳಿದ ದಿನ ಮುಚ್ಚಿಡಲೂ ಬೇಡಿ. ಸಿಟ್ಟು ಬಂದವನ ಸಿಟ್ಟಿನಡಿ ಏನಿದೆ ನೋಡಿ. ಮಕ್ಕಳ ಆಟ ನಿಲ್ಲಿಸಬೇಡಿ. ಎಲ್ಲರ ಕೆಲಸವನ್ನೂ ತಲೆಯ ಮೇಲೆ ಹೊತ್ತು ಓಡಾಡುವವಳನ್ನು ಒಂದು ಗಳಿಗೆ ಕೂರಿಸಿ, ನೀನು ಹೇಗಿದ್ದೀಯಾ ಎಂದು ಕೇಳಿ.

ತಿಂಗಳುಗಳು ಕಳೆದರೂ ನಿದ್ದೆ ಬಾರದಿದ್ದರೆ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡದೆ ಇರಲಾಗದಿದ್ದರೆ, ಒಂದು ಸದ್ದಿಗೆ, ಒಂದು ದಾರಿಗೆ ಹೆದರಿ ಬದುಕು ಕಿರಿದಾಗುತ್ತಿದ್ದರೆ, ಕುಡಿತದಿಂದಲೇ ರಾತ್ರಿ ದಾಟಬೇಕಾಗಿ ಬಂದರೆ, ಸಾಯಬೇಕೆಂಬ ಯೋಚನೆ ಸುಳಿದರೆ, ವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನನಗೆ ಅಂಥ ನೆರವು ಸಿಕ್ಕಿತು, ಸಿಕ್ಕಿದ್ದರಿಂದ ಈ ಮಳೆಗಾಲದಲ್ಲಿ ಪಾಠ ಮಾಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ ರಾತ್ರಿ ಎದ್ದು ಓಡಾಡುತ್ತಿದ್ದರೆ ನಾಳೆಗೆ ಬಿಡದೆ ಅವರನ್ನು ಕೇಳಿ, ಜೊತೆಯಲ್ಲಿ ಕರೆದುಕೊಂಡು ಹೋಗಿ.